ಕಲ್ಪಿತ ಪುರುಷನಿಗೆ ಸಲ್ಲಿಸಿದ ಪುಷ್ಪಾಂಜಲಿ

ಇಲ್ಲದವನಿಗಾಗಿ ಅಳುವುದು ಯುಕ್ತವೆ? ತಾಯಿಯ ಗರ್ಭದಲ್ಲಿ ಹುಟ್ಟದೆ ಗ್ರಂಥಕರ್ತನ ಲೇಖನಿಯಲ್ಲಿ ಹುಟ್ಟಿದವನೊಬ್ಬನು ಸತ್ತನೆಂದು ಕಣ್ಣೊರಸಿಕೊಳ್ಳುವವನನ್ನು ಸಹೃದಯನೆನ್ನಬೇಕೋ, ಮೂಢನೆನ್ನಬೇಕೋ? ಈ ಪ್ರಶ್ನೆಯು ಬಹು ಹಳೆಯದು. ನಮ್ಮ ಆಲಂಕಾರಿಕರು ಇದನ್ನು ಕುರಿತು ತಲೆತಲಾಂತರವಾಗಿ ವಾದಿಸಿರುವರು. ಆದರೆ ಹಳೆಯ ಪ್ರಶ್ನೆಗಳು ಆಗಾಗ ಹೊಸ ವೇಷವನ್ನು ಧರಿಸಿ ಬಾಗಿಲಿಗೆ ಬರುವುದುಂಟು. ೨೦೦೦ನೆಯ ಇಸವಿಯ ನವೆಂಬರ್ ತಿಂಗಳಲ್ಲಿ, ಇಂಗ್ಲೆಂಡ್ ದೇಶದಲ್ಲಿ, ಅದು ದೂರದರ್ಶನದ ಒಂದು ವಿನೋದ ನಾಟಕಮಾಲೆಯ ವೇಷದಲ್ಲಿ ಬಂದಿತು.

ಆ ಮಾಲೆಯ ಹೆಸರು ‘ಒನ್ ಫುಟ್ ಇನ್ ದ ಗ್ರೇವ್’. ‘ಗೋರಿಯೊಳಗೆ ಒಂದು ಕಾಲು’ ಎಂದು ಅದರ ಅರ್ಥ. ‘ಕಾಡು ಬಾ ಎನ್ನುತ್ತದೆ, ಊರು ಹೋಗು ಎನ್ನುತ್ತದೆ’ ಎಂದು ಮುಪ್ಪನ್ನು ಕುರಿತು ಕನ್ನಡಿಗರು ಆಡುವ ಮಾತಿಗೆ ಇದು ಹತ್ತಿರದ ಬಂಧು. ಡೇವಿಡ್ ರೆನ್‌ವಿಕ್ ಎಂಬವರು ರಚಿಸಿದ ಈ ಮಾಲೆಯನ್ನು ಬಿ. ಬಿ. ಸಿ. ಸಂಸ್ಥೆಯು ೧೯೯೦ನೆಯ ಇಸವಿಯ ಜನವರಿ ೪ರಂದು ಆರಂಭಿಸಿ, ನಡುನಡುವೆ ಬಿಡುವು ಕೊಟ್ಟು, ಆರು ಸರಣಿಗಳಲ್ಲಿ ನಡೆಯಿಸಿತು. ಕಥಾನಾಯಕನಾದ ವಿಕ್ಟರ್ ಮೆಲ್‌ಡ್ರೂ ಅರುವತ್ತು ವರ್ಷದವನು. ಒಂದು ಕಚೇರಿಯಲ್ಲಿ ಕಾವಲುಗಾರನಾಗಿದ್ದವನು. ಅವನು ಮಾಡುತ್ತಿದ್ದ ಕೆಲಸವನ್ನು ಒಂದು ಯಂತ್ರಪೆಟ್ಟಿಗೆಯು ಮಾಡಬಲ್ಲುದೆಂದು ಕಂಡುಬಂದುದರಿಂದ ಅಕಾಲದಲ್ಲಿ ಮನೆಗೆ ಕಳುಹಿಸಲ್ಪಟ್ಟವನು. ಆ ಮೇಲೆ ಅವನಿಗೆ ಉಳಿದುದು ಹೆಂಡತಿ ಮಾರ್ಗರೆಟ್, ಒಂದು ಸಾಧಾರಣವಾದ ಮನೆ, ಕೊನೆಯಿಲ್ಲದ ಬಿಡುವು ಮತ್ತು ಲೋಕದ ಅವಿವೇಕದೊಡನೆ ದಿನವೂ ನಡೆಯಿಸಬೇಕಾದ ಯುದ್ಧ. ಕುಂಡದ ಗಿಡವೊಂದನ್ನು ಶೌಚಗೃಹದಲ್ಲಿಟ್ಟು ಹೋಗೆಂದು ಅವನು ಹೇಳಿದರೆ, ತಂದವನು ಅದನ್ನು ಶೌಚಪಾತ್ರೆಯೊಳಗೇ ನೆಟ್ಟು ಹೋಗುವನು. ಇಂತಹ ಅನರ್ಥಗಳು ಎದುರಾದಾಗಲೆಲ್ಲ ‘ಇದನ್ನು ನಂಬಲಾಗದು’ ಎಂದು ಅವನು ಕೂಗುವನು. ಆ ಕೂಗು ಆ ದೇಶದಲ್ಲಿ ಗಾದೆಯಂತೆ ಮನೆಮಾತಾಯಿತು. ವಿಕ್ಟರನ ಪಾತ್ರವನ್ನು ರಿಚರ್ಡ್ ವಿಲ್ಸನ್ ಎಂಬ ನಟರೂ, ಮಾರ್ಗರೆಟ್ಟಳ ಪಾತ್ರವನ್ನು ಆನೆಟ್ ಕ್ರಾಸ್ಬಿ ಎಂಬ ನಟಿಯೂ ವಹಿಸಿದ್ದರು.

೨೦೦೦ನೆಯ ಇಸವಿಯ ನವೆಂಬರ್ ೨೦ರ ರಾತ್ರಿ ಈ ಮಾಲೆಯ ಕೊನೆಯ ನಾಟಕವು ಪ್ರಸಾರವಾಯಿತು. ಅದರಲ್ಲಿ ವಿಕ್ಟರನು ಸಾಯುವನು. ಹಳೆಯ ಸಹೋದ್ಯೋಗಿಗಳ ಕೂಟಕ್ಕೆಂದು ಹೋಗಿ, ಹೆಂಡತಿಯು ಬಂದು ಕರೆದೊಯ್ಯಲೆಂದು ಇರುಳಿನಲ್ಲಿ ದಾರಿಯ ಬದಿಯಲ್ಲಿ ಕಾದಿರುವಾಗ, ಮೋಟಾರುಗಾಡಿಯೊಂದು ಅವನಿಗೆ ಬಡಿದು ನಿಲ್ಲದೆ ಹೊರಟುಹೋಗುವುದು. ಆ ರಾತ್ರಿ ಒಂದು ಕೋಟಿಗೂ ಮಿಕ್ಕ ಜನರು ಅದನ್ನು ನೋಡಿದರು. ಆ ದೃಶ್ಯವನ್ನು ಚಿತ್ರಿಸಿದ ಸ್ಥಳವು ಹ್ಯಾಂಪ್‌ಷೈರ್ ಪ್ರಾಂತದ ಷಾಫರ್ಡ್ ಎಂಬ ಹಳ್ಳಿಯ ರೈಲ್ವೆ ಸೇತುವೆಯ ಬಳಿ. ಕೆಲವರು ಆ ಸ್ಥಳವನ್ನು ಅರಸಿಕೊಂಡು ಹೋಗಿ, ನಿಜವಾಗಿ ಅಪಘಾತದಲ್ಲಿ ಮಡಿದವರಿಗೆ ಸಲ್ಲಿಸುವಂತೆ ಹೂಗಳನ್ನಿಟ್ಟು ಬಂದರು. ಇನ್ನು ಕೆಲವರು ಕೋಪಗೊಂಡರು. ಹತ್ತು ವರ್ಷ ನಗಿಸಿದವನನ್ನು ಹೀಗೆ ಬೀದಿಯಲ್ಲಿ ಕೊಲ್ಲಬಹುದೆ ಎಂಬುದು ಅವರ ಆಕ್ಷೇಪ.

ಇಲ್ಲಿ ವಿಚಾರ ಮಾಡತಕ್ಕ ಪೂರ್ವಪಕ್ಷಗಳು ಮೂರು.

ಮೊದಲನೆಯದು, ಹೂವಿಟ್ಟವರದು ಭ್ರಾಂತಿ ಎಂಬುದು. ಸತ್ತವನು ಯಾರೂ ಇಲ್ಲ. ವೇಷ ಹಾಕಿದ ನಟನು ಸುಖವಾಗಿರುವನು. ಹಾಗಿರಲು ಪುಷ್ಪವು ಯಾರಿಗೆ? ಇದಕ್ಕೆ ಸಮಾಧಾನವನ್ನು ಸಾವಿರ ವರ್ಷಗಳ ಹಿಂದೆಯೇ ಕಾಶ್ಮೀರದ ಪಂಡಿತರು ಹೇಳಿಟ್ಟಿರುವರು. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿದವನು ‘ಇದು ಕುದುರೆ’ ಎನ್ನುವನು. ಅವನು ಹುಲ್ಲು ತಂದು ಅದರ ಮುಂದೆ ಹಾಕುವುದಿಲ್ಲ. ಹಾಗೆಂದು ‘ಇದು ಬರಿಯ ಬಣ್ಣ’ ಎಂದೂ ಹೇಳುವುದಿಲ್ಲ. ನಟನಲ್ಲಿ ರಾಮನನ್ನು ಕಾಣುವ ತಿಳಿವಳಿಕೆಯೂ ಇಂಥದೇ. ಅದು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವೂ ಅಲ್ಲವೆಂದು ಶ್ರೀಶಂಕುಕನು ವಿವರಿಸಿದನು. ತರುವಾಯ ಭಟ್ಟನಾಯಕನೂ ಅಭಿನವಗುಪ್ತನೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ರಂಗದ ಮೇಲಿನ ಶೋಕವು ಇಂತಹ ಒಬ್ಬನ ಶೋಕವೆಂಬ ಎಲ್ಲೆಯನ್ನು ಕಳೆದುಕೊಂಡು ಸರ್ವಸಾಧಾರಣವಾಗುವುದು ಎಂದು ಅವರ ಮತ. ಷಾಫರ್ಡಿನ ಸೇತುವೆಯ ಬಳಿ ನಿಂತವರಿಗೆ ವಿಕ್ಟರನು ಕಲ್ಪಿತನೆಂಬುದು ತಿಳಿದೇ ಇದ್ದಿತು. ಆದರೆ ಕೆಲಸ ಹೋದ ಮೇಲೆ ಮನೆಯ ಮೂಲೆಯಲ್ಲಿ ಕುಳಿತು ಲೋಕವನ್ನು ಬಯ್ಯುವ ತಂದೆಯೋ ಮಾವನೋ ನೆರೆಯವನೋ ಅವರಲ್ಲಿ ಪ್ರತಿಯೊಬ್ಬರಿಗೂ ಇದ್ದಿರಬೇಕು. ಹೂವು ಅವನಿಗೆ ಸಂದಿತು. ಅದೇ ರಾತ್ರಿ ಮತ್ತೊಂದು ದೂರದರ್ಶನ ವಾಹಿನಿಯಲ್ಲಿ, ಪ್ರಶ್ನೋತ್ತರದ ಸ್ಪರ್ಧೆಯೊಂದರಲ್ಲಿ, ಜುಡಿತ್ ಕೆಪ್ಪೆಲ್ ಎಂಬ ಮಹಿಳೆಯು ಹತ್ತು ಲಕ್ಷ ಪೌಂಡುಗಳನ್ನು ಗೆದ್ದುದನ್ನು ತೋರಿಸಿದರು. ಆ ದೇಶದಲ್ಲಿ ಆ ಸ್ಪರ್ಧೆಯ ಪರಮ ಬಹುಮಾನವನ್ನು ಗೆದ್ದವರಲ್ಲಿ ಆಕೆಯೇ ಮೊದಲಿಗಳು. ಅದು ನಿಜವಾದ ಮನುಷ್ಯಳಿಗೆ ಬಂದ ನಿಜವಾದ ಭಾಗ್ಯ. ಆದರೂ ಹೂವು ಬಿದ್ದುದು ಕಲ್ಪಿತ ಪುರುಷನ ಕಲ್ಪಿತ ಮರಣಕ್ಕೆ. ಘಟನೆಯು ನಡೆದುದೋ ನಡೆಯದುದೋ ಎಂಬುದರಿಂದ ಭಾವದ ಆಳವನ್ನು ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಎರಡನೆಯ ಪೂರ್ವಪಕ್ಷವು ಹೆಚ್ಚು ಬಲವುಳ್ಳದ್ದು. ವಿನೋದವನ್ನು ಕೊಡುವೆನೆಂದು ಕರೆದು ಮರಣವನ್ನು ತೋರಿಸುವುದು ವಚನಭಂಗವಲ್ಲವೆ? ಅಧಿಕಾರಿಯಾದ ನಾಯಕನ ವಧೆಯನ್ನು ನಾಟಕದಲ್ಲಿ ತರಬಾರದೆಂದು ಧನಂಜಯನ ದಶರೂಪಕವು ವಿಧಿಸುವುದು. ರಾಮಾಯಣದಲ್ಲಿ ಭೂಮಿಯನ್ನು ಸೇರಿದ ಸೀತೆಯನ್ನು ಭವಭೂತಿಯು ತನ್ನ ಉತ್ತರರಾಮಚರಿತದಲ್ಲಿ ಪತಿಯೊಡನೆ ಮರಳಿ ಕೂಡಿಸಿದನು. ನೋಡಲು ಬಂದವರನ್ನು ದುಃಖದಲ್ಲಿ ಬಿಟ್ಟು ಕಳುಹಿಸಬಾರದೆಂಬ ಕಾರುಣ್ಯವು ಈ ಸಂಪ್ರದಾಯದ ಮೂಲದಲ್ಲಿರುವುದು. ಆ ಕಾರುಣ್ಯವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಭಾಸನ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣಬಿಡುವುದನ್ನೂ ಮರೆಯಬಾರದು. ನಿಯಮವು ದೊಡ್ಡದು, ಆದರೆ ಕಥೆಯ ಬೀಜದಲ್ಲಿಯೇ ಅಡಗಿದ್ದ ಫಲವು ಕೊನೆಯಲ್ಲಿ ಕಾಣಿಸಿಕೊಂಡರೆ ಅದನ್ನು ಮೋಸವೆನ್ನಲಾಗದು.

ಈ ಮಾಲೆಯ ಬೀಜದಲ್ಲಿ ಮರಣವು ಮೊದಲಿನಿಂದಲೂ ಇದ್ದಿತು. ಅದರ ಹೆಸರಿನಲ್ಲಿಯೇ ಗೋರಿಯುಂಟು. ೧೯೯೦ರಲ್ಲಿಯೇ ಬಂದ ಒಂದು ನಾಟಕವು, ದಂಪತಿಗಳಿಬ್ಬರು ನಿದ್ದೆ ಬಾರದೆ ಕಳೆಯುವ ಒಂದು ಇರುಳಿನ ಕಥೆ. ಅದರಲ್ಲಿ ನಗೆಮಾತುಗಳ ನಡುವೆ ಸ್ಟುವರ್ಟ್ ಎಂಬ ಒಂದು ಹೆಸರು ತೇಲಿಬಂದು ಮರೆಯಾಗುವುದು. ಅವರಿಗೂ ಒಂದು ಮಗುವಿದ್ದು ಶೈಶವದಲ್ಲಿಯೇ ತೀರಿಕೊಂಡಿತೆಂದು ನೋಡುವವನು ಊಹಿಸಿಕೊಳ್ಳಬೇಕು. ಆ ಊಹೆಯಾದ ಮೇಲೆ, ಆ ಮನೆಯ ಸಿಡಿಮಿಡಿ ಮತ್ತು ಸಹನೆ ಎರಡೂ ಬೇರೆಯಾಗಿ ತೋರುವುವು. ನಗೆಯ ಕೆಳಗೆ ನೀರಿನಂತೆ ಹರಿಯುತ್ತಿದ್ದುದೇ ಕೊನೆಗೆ ಮೇಲಕ್ಕೆ ಬಂದಿತು.

ಕೊನೆಯನ್ನು ಕೊಡದಿದ್ದರೆ, ಅಥವಾ ಕೊಟ್ಟ ಕೊನೆಯನ್ನು ಕಿತ್ತುಕೊಂಡರೆ ಏನಾಗುವುದೆಂಬುದಕ್ಕೂ ಆ ದೇಶದಲ್ಲಿಯೇ ದೃಷ್ಟಾಂತವುಂಟು. ೧೯೮೧ರಲ್ಲಿ ಆರಂಭವಾದ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ ಎಂಬ ವಿನೋದಮಾಲೆಯು ೧೯೯೬ರ ಡಿಸೆಂಬರ್ ೨೯ರಂದು ಮುಗಿಯಿತೆಂದೇ ಎಲ್ಲರೂ ತಿಳಿದರು. ಜೀವಮಾನವೆಲ್ಲ ಲಕ್ಷಾಧಿಪತಿಗಳಾಗುವೆವೆಂದು ಕನಸು ಕಂಡ ಬಡ ಅಣ್ಣತಮ್ಮಂದಿರಿಗೆ, ತಮ್ಮ ಹಳೆಯ ಸರಕಿನ ನಡುವೆ ಹದಿನೆಂಟನೆಯ ಶತಮಾನದ ಒಂದು ಗಡಿಯಾರವು ದೊರೆತು, ಅದು ೬೨ ಲಕ್ಷ ಪೌಂಡುಗಳಿಗೆ ಮಾರಾಟವಾಗುವುದು. ೨ ಕೋಟಿ ೪೩ ಲಕ್ಷ ಜನರು ಆ ಮಂಗಳವನ್ನು ಕಂಡು ಸಂತೋಷಪಟ್ಟರು. ಆದರೆ ೨೦೦೧ರ ಕ್ರಿಸ್‌ಮಸ್ಸಿಗೆ ಆ ಮಾಲೆಯನ್ನು ಮತ್ತೆ ತೆರೆದರು. ತೆರೆದುದರಿಂದ ಆ ಸಂಪತ್ತನ್ನು ಕಳೆಯಲೇಬೇಕಾಯಿತು. ಬಡತನವಿಲ್ಲದೆ ಆ ಕಥೆಗೆ ನಗೆಯಿರಲಿಲ್ಲ. ಆಗ, ಮುಗಿದುದನ್ನು ಮುಗಿದಂತೆಯೇ ಬಿಡಬೇಕಾಗಿದ್ದಿತೆಂದು ಪೇಚಾಡಿದವರು ಹಲವರು. ಇದಕ್ಕೂ ಒಂದು ಶತಮಾನದ ಹಿಂದೆ, ೧೮೯೩ರಲ್ಲಿ, ಕೋನನ್ ಡಾಯ್ಲನು ತನ್ನ ಪತ್ತೇದಾರನಾದ ಷೆರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿ ಕೊಂದಾಗ, ಓದುಗರು ಕೆರಳಿದರು. ೧೯೦೩ರಲ್ಲಿ ಅವನನ್ನು ಬದುಕಿಸಬೇಕಾಯಿತು. ಪ್ರೀತಿಯು ಹಕ್ಕೆಂದು ತಿಳಿದುಕೊಂಡರೆ ಹೀಗಾಗುವುದು. ಕಥೆಯು ಓದುಗನಿಗೆ ಕೊಟ್ಟ ದಾನ. ದಾನ ಪಡೆದವನು ಕೃತಜ್ಞನಾಗಿರಬಹುದು, ದಾತನ ಕೈಹಿಡಿದು ಇನ್ನಷ್ಟು ಎಳೆಯಬಾರದು. ರೆನ್‌ವಿಕ್ಕರು ಮರಳಿ ತೆರೆಯಲಾಗದ ಬಾಗಿಲನ್ನು ಹಾಕಿದರು. ಅದು ಕಠೋರವೆಂದು ತೋರಿದರೂ, ನಗೆಗೆ ಸಲ್ಲಿಸಿದ ಮರ್ಯಾದೆಯೇ ಸರಿ.

ಮೂರನೆಯ ಪೂರ್ವಪಕ್ಷವು ಎಲ್ಲಕ್ಕಿಂತ ಕಠಿನವಾದುದು. ನಾಟಕವನ್ನು ನೋಡಿ ಸುರಿಸುವ ಕಣ್ಣೀರಿಗೆ ಬೆಲೆಯಿಲ್ಲ, ಏಕೆಂದರೆ ಅದಕ್ಕೆ ವೆಚ್ಚವಿಲ್ಲ ಎಂಬುದು ಅದರ ಸಾರ. ಪಾಶ್ಚಾತ್ಯರಲ್ಲಿ ಸಂತ ಅಗಸ್ಟೀನನು, ಬಾಲ್ಯದಲ್ಲಿ ಕಾವ್ಯದ ರಾಣಿಯೊಬ್ಬಳ ಮರಣಕ್ಕೆ ಅತ್ತು ತನ್ನ ಆತ್ಮದ ಅಧೋಗತಿಗೆ ಅಳದೆ ಹೋದೆನೆಂದು ಮರುಗಿದನು. ೧೭೫೮ರಲ್ಲಿ ರೂಸೋ ಎಂಬ ತತ್ತ್ವಜ್ಞನು ರಂಗಭೂಮಿಯನ್ನು ಕುರಿತು ಬರೆದ ಪತ್ರದಲ್ಲಿ, ಕಲ್ಪಿತ ದುಃಖಗಳಿಗೆ ಅತ್ತವನು ತಾನು ಮಾನವಧರ್ಮವನ್ನೆಲ್ಲ ನೆರವೇರಿಸಿದೆನೆಂದು ತೃಪ್ತನಾಗಿ, ನಿಜವಾದ ದುಃಖಿಗೆ ಏನನ್ನೂ ಕೊಡದೆ ಮನೆಗೆ ಹೋಗುವನೆಂದು ಆಕ್ಷೇಪಿಸಿದನು. ವಿಕ್ಟರನ ವಿಷಯದಲ್ಲಿ ಈ ಆಕ್ಷೇಪವು ನೇರವಾಗಿ ಎದೆಗೆ ತಗಲುವುದು. ತೆರೆಯ ಮೇಲೆ ಅವನ ಗೊಣಗಾಟವು ಇಂಪು. ಅರ್ಧ ಗಂಟೆಯಾದೊಡನೆ ಅದು ನಿಲ್ಲುವುದು. ಅವನಿಗೆ ಔಷಧವನ್ನು ಕೊಡಬೇಕಾಗಿಲ್ಲ, ಅವನ ಮಾತಿಗೆ ಉತ್ತರ ಹೇಳಬೇಕಾಗಿಲ್ಲ. ಮನೆಯೊಳಗಿನ ಮುದುಕನ ಗೊಣಗಾಟಕ್ಕೆ ಅಂತಹ ಮಿತಿಯಿಲ್ಲ. ಒಬ್ಬನಿಗಾಗಿ ದೂರದ ಸೇತುವೆಯವರೆಗೆ ಹೂವನ್ನು ಒಯ್ದವನು, ಇನ್ನೊಬ್ಬನ ಕೋಣೆಯ ಬಾಗಿಲನ್ನು ದಾಟದೆ ಇರುವುದು ಅಸಂಭವವಲ್ಲ.

ಇದಕ್ಕೆ ಉತ್ತರವನ್ನು ಆ ಕೊನೆಯ ನಾಟಕವೇ ತನ್ನೊಳಗೆ ಇಟ್ಟುಕೊಂಡಿರುವುದು. ಪತಿಯನ್ನು ಕೊಂದು ಓಡಿದವರು ಕೈಗೆ ಸಿಕ್ಕಿದರೆ ಕೊಲ್ಲುವೆನೆಂದು ಮಾರ್ಗರೆಟ್ ಹೇಳಿರುವಳು. ವೈಧವ್ಯದ ಒಂಟಿತನದಲ್ಲಿ ಅವಳಿಗೆ ಗ್ಲಿನಿಸ್ ಎಂಬ ಇನ್ನೊಬ್ಬ ವಿಧವೆಯ ಸ್ನೇಹವಾಗುವುದು. ಆ ಸ್ನೇಹವೇ ಅವಳಿಗೆ ಆಸರೆ. ಕೊನೆಯಲ್ಲಿ, ಆ ಗಾಡಿಯನ್ನು ನಡೆಸಿದವಳು ಗ್ಲಿನಿಸಳೇ ಎಂದು ಮಾರ್ಗರೆಟ್ಟಳಿಗೆ ಗೊತ್ತಾಗುವುದು. ಅದೇ ಸಮಯದಲ್ಲಿ ಗ್ಲಿನಿಸ್ ತಲೆನೋವಿಗೆ ಮಾತ್ರೆ ಬೇಕೆಂದಿರುವಳು. ಮಾರ್ಗರೆಟ್ ಹಣ್ಣಿನ ರಸದ ಲೋಟವನ್ನು ಅವಳ ಕೈಗೆ ಕೊಡುವಳು. ಅದರಲ್ಲಿ ಎಷ್ಟು ಮಾತ್ರೆಗಳು ಕರಗಿದ್ದವೆಂಬುದನ್ನು ನಾಟಕವು ಹೇಳುವುದಿಲ್ಲ. ಕ್ಷಮೆಯೋ ಪ್ರತೀಕಾರವೋ ಎಂದು ಪ್ರೇಕ್ಷಕರು ಅಂದಿನಿಂದ ಚರ್ಚಿಸುತ್ತಿರುವರು.

ಭಾಗವತವನ್ನು ಬಲ್ಲವರಿಗೆ ಇಲ್ಲಿ ದ್ರೌಪದಿಯ ನೆನಪಾಗದೆ ಇರದು. ನಿದ್ರಿಸುತ್ತಿದ್ದ ತನ್ನ ಐವರು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಅರ್ಜುನನು ಕಟ್ಟಿ ತಂದು ಮುಂದೆ ನಿಲ್ಲಿಸಿದಾಗ, ಅವನನ್ನು ಬಿಟ್ಟುಬಿಡಬೇಕೆಂದು ಆಕೆ ಕೇಳಿಕೊಳ್ಳುವಳು. ತಾನು ಅಳುವಂತೆ ಅವನ ತಾಯಿಯೂ ಅಳಬಾರದೆಂಬುದೇ ಆಕೆ ಕೊಡುವ ಕಾರಣ. ಅಲ್ಲಿ ಶೋಕವು ಪಕ್ವವಾಗಿ ಕರುಣೆಯಾಯಿತು. ಮಾರ್ಗರೆಟ್ಟಳ ಲೋಟದಲ್ಲಿ ಅದು ಪಕ್ವವಾಯಿತೋ ಕೊಳೆತು ವಿಷವಾಯಿತೋ ತಿಳಿಯದು. ಕಥೆಗಾರನು ಉತ್ತರವನ್ನು ಮುಚ್ಚಿಟ್ಟುದರಿಂದ ಪ್ರಶ್ನೆಯು ನೋಡುವವನ ಕೈಗೆ ಬಂದಿತು. ವಿಕ್ಟರನಿಗಾಗಿ ಅತ್ತವನು, ತಾನಾಗಿದ್ದರೆ ಆ ಲೋಟದಲ್ಲಿ ಏನನ್ನು ಬೆರೆಸುತ್ತಿದ್ದೆನೆಂದು ಕೇಳಿಕೊಳ್ಳಬೇಕಾಗುವುದು. ಈ ಪ್ರಶ್ನೆಯನ್ನು ಕೇಳಿಕೊಂಡವನ ಕಣ್ಣೀರನ್ನು ವೆಚ್ಚವಿಲ್ಲದ ಕಣ್ಣೀರೆಂದು ರೂಸೋ ಕೂಡ ಹೇಳಲಾರನು.

ಆದಕಾರಣ ಸಿದ್ಧಾಂತವಿದು. ಕಲ್ಪಿತನಿಗಾಗಿ ಅಳುವುದು ಭ್ರಾಂತಿಯಲ್ಲ. ಆದರೆ ಅದು ಧರ್ಮವೂ ಅಲ್ಲ. ಅದು ಧರ್ಮಕ್ಕೆ ಮಾಡುವ ಅಭ್ಯಾಸ. ಗರಡಿಯಲ್ಲಿ ಮಣ್ಣಿನೊಡನೆ ಹೋರಾಡಿದವನಿಗೆ ಶತ್ರುವನ್ನು ಗೆದ್ದ ಕೀರ್ತಿ ಬಾರದು. ಹಾಗೆಂದು ಗರಡಿಯು ವ್ಯರ್ಥವೆಂದು ಯಾರೂ ಹೇಳರು. ಕಲ್ಪಿತ ಶೋಕದಲ್ಲಿ ಮೃದುವಾದ ಹೃದಯವು ನಿಜವಾದ ಮನುಷ್ಯನ ಮುಂದೆ ಮತ್ತೆ ಕಲ್ಲಾದರೆ ದೋಷವು ನಾಟಕದ್ದಲ್ಲ, ಅಭ್ಯಾಸವನ್ನು ನಡುವೆ ಬಿಟ್ಟವನದು. ಷಾಫರ್ಡಿನ ಹೂಗಳ ಬೆಲೆಯು ಆ ಸೇತುವೆಯ ಬಳಿಯಲ್ಲಿ ನಿಶ್ಚಯವಾಗತಕ್ಕುದಲ್ಲ. ಅವನ್ನು ಅಲ್ಲಿಟ್ಟವನು ಮನೆಗೆ ಹಿಂದಿರುಗಿ, ಮೂಲೆಯ ಕುರ್ಚಿಯಲ್ಲಿ ಕುಳಿತು ಬೆಳಗಿನಿಂದ ಯಾವುದನ್ನೋ ಬಯ್ಯುತ್ತಿರುವ ಮುದುಕನ ಹತ್ತಿರ ಒಂದು ಪೀಠವನ್ನು ಎಳೆದುಕೊಂಡು ಕುಳಿತು, ‘ಏನಾಯಿತು, ಹೇಳಿ’ ಎಂದು ಕೇಳಿದನೋ ಇಲ್ಲವೋ ಎಂಬುದರಲ್ಲಿ ಅದು ನಿಶ್ಚಯವಾಗುವುದು.