ಸಾವಿನ ರೀತಿಯಿಂದ ಬಾಳಿನ ಬೆಲೆ ಕಟ್ಟಬಹುದೇ?



ಹುಟ್ಟಿದ ಜೀವಕ್ಕೆ ಸಾವು ತಪ್ಪಿದ್ದಲ್ಲ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಜನ ಸಾವಿಗಿಂತ ಹೆಚ್ಚಾಗಿ ಹೆದರುವುದು ಸಾಯುವ ರೀತಿಗೆ. ವಯಸ್ಸಾದವರು ಮಕ್ಕಳು ಮೊಮ್ಮಕ್ಕಳು ಸುತ್ತ ಕೂತಿರುವಾಗ ಬಾಯಿಗೆ ತುಳಸಿ ನೀರು ಬಿಡಿಸಿಕೊಂಡು ಕಣ್ಣು ಮುಚ್ಚಿದರೆ "ಪುಣ್ಯಾತ್ಮ, ಒಳ್ಳೇ ಸಾವು" ಅಂತಾರೆ. ಅದೇ ಮನುಷ್ಯ ಸಿಡಿಲು ಬಡಿದೋ, ಬಾವಿಗೆ ಬಿದ್ದೋ, ಹಾವು ಕಚ್ಚಿಯೋ, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿಯೋ ಹೋದರೆ "ಯಾವ ಜನ್ಮದ ಪಾಪವೋ ಏನೋ" ಎಂದು ಪಿಸುಗುಟ್ಟುತ್ತಾರೆ. ಇಂಥ ಸಾವಿಗೆ ದುರ್ಮರಣ ಎಂದು ಹೆಸರು. ಸತ್ತವರ ಮನೆಯವರು ಬೆಟ್ಟ ಹತ್ತಿ ಬಂದು ಸ್ವಾಮಿಯ ಮುಂದೆ ಕೈಮುಗಿದು ಕೇಳುವ ಪ್ರಶ್ನೆ ಒಂದೇ: "ನಮ್ಮೋನು ಅಂಥಾದ್ದೇನು ಮಾಡಿದ್ದ ತಂದೆ?" ಈ ಪ್ರಶ್ನೆಗೆ ಪುರಾಣ ಏನು ಹೇಳುತ್ತದೆ, ನಮ್ಮ ಕೋಲಾರ ಸೀಮೆಯ ಇತಿಹಾಸ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಪುರಾಣದ ಸಾಕ್ಷಿ

ಕೋಲಾರದ ಬೆಟ್ಟಗಳಿಗೆ ಶತಶೃಂಗ ಪರ್ವತ ಎಂಬ ಹೆಸರಿದೆ. ಇಲ್ಲಿಯೇ ಜಮದಗ್ನಿ ಮಹರ್ಷಿಗಳ ಆಶ್ರಮವಿತ್ತೆಂದು ಈ ಭಾಗದ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಆ ಮಹರ್ಷಿಗೆ ಬಂದ ಸಾವು ಎಂಥದು? ಧ್ಯಾನದಲ್ಲಿ ಕುಳಿತಿದ್ದಾಗ ಕಾರ್ತವೀರ್ಯನ ಮಕ್ಕಳು ಬಂದು ತಲೆ ಕಡಿದು ಹೋದರು. ಪತ್ನಿ ರೇಣುಕಾದೇವಿಯ ಕಥೆ ಇನ್ನೂ ಘೋರ. ಗಂಡನ ಅಪ್ಪಣೆಯಂತೆ ಮಗನ ಕೊಡಲಿಗೇ ತಲೆ ಕೊಟ್ಟು, ಮತ್ತೆ ಜೀವ ಪಡೆದವಳು ಆ ತಾಯಿ. ಇಂದು ಆಕೆಯನ್ನೇ ಕೋಲಾರಮ್ಮ ಎಂದು ಜನ ಪೂಜಿಸುತ್ತಾರೆ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಸೀತಾಮಾತೆ ಲವ ಕುಶರನ್ನು ಹೆತ್ತಳೆಂಬ ನಂಬಿಕೆ ಇದೆ. ಆ ತಾಯಿಯೂ ಹಾಸಿಗೆಯ ಮೇಲೆ ಕಣ್ಣು ಮುಚ್ಚಲಿಲ್ಲ. ತುಂಬಿದ ಸಭೆಯಲ್ಲಿ ಭೂಮಿ ಬಾಯಿಬಿಟ್ಟು ಒಳಗೆ ಹೋದಳು. ಶ್ರೀಕೃಷ್ಣ ಪರಮಾತ್ಮನೇ ಬೇಡನೊಬ್ಬನ ಬಾಣ ಅಂಗಾಲಿಗೆ ತಗುಲಿ ಅವತಾರ ಮುಗಿಸಿದ.

ಇನ್ನೊಂದು ಕಡೆ ಭಸ್ಮಾಸುರನನ್ನು ನೋಡಿ. ಕೋಲಾರ ತಾಲ್ಲೂಕಿನ ಸೀತಿ ಬೆಟ್ಟದ ಸುತ್ತ ಅವನ ಕಥೆ ಇಂದಿಗೂ ಕೇಳಿಬರುತ್ತದೆ. ವರ ಕೊಟ್ಟ ಶಿವನನ್ನೇ ಸುಡಲು ಅಟ್ಟಿಸಿಕೊಂಡು ಹೋದ ಪಾಪಿ ಅವನು. ಅವನಿಗೆ ಬಂದ ಸಾವು? ತನ್ನ ಕೈ ತನ್ನ ತಲೆಯ ಮೇಲೆ ಇಟ್ಟ, ಕ್ಷಣದಲ್ಲಿ ಬೂದಿಯಾದ. ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ. ಸಾವಿನ ನೋವನ್ನು ನೋಡಿ ಪಾಪ ಪುಣ್ಯ ಅಳೆಯುವುದಾದರೆ ಭಸ್ಮಾಸುರ ಪುಣ್ಯಾತ್ಮ, ಜಮದಗ್ನಿ ಪಾಪಿ ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳುವ ಬಾಯಿ ಯಾವುದಾದರೂ ಇದೆಯೇ?

ಇತಿಹಾಸದ ಸಾಕ್ಷಿ

ಗ್ರೀಸ್ ದೇಶದಲ್ಲಿ ಸುಮಾರು 2500 ವರ್ಷದ ಹಿಂದೆ ಈಸ್ಕಿಲಸ್ ಎಂಬ ದೊಡ್ಡ ನಾಟಕಕಾರನಿದ್ದ. ಆಕಾಶದಲ್ಲಿ ಹಾರುತ್ತಿದ್ದ ಹದ್ದು ಇವನ ಬೋಳು ತಲೆಯನ್ನು ಬಂಡೆ ಎಂದು ತಿಳಿದು, ಕಾಲಲ್ಲಿದ್ದ ಆಮೆಯನ್ನು ಮೇಲಿಂದ ಬಿಟ್ಟಿತು, ಅದರಿಂದಲೇ ಸತ್ತ ಎಂದು ಹಳೆಯ ಕಥೆ. ಕೇಳಿದವರು ನಗುತ್ತಾರೆ, ಆದರೆ ಅವನ ನಾಟಕಗಳಿಗೆ ಇದರಿಂದ ಏನೂ ಕಡಿಮೆಯಾಗಲಿಲ್ಲ. ಅದೇ ದೇಶದ ಸಾಕ್ರಟೀಸನಿಗೆ ಕ್ರಿ.ಪೂ. 399ರಲ್ಲಿ ವಿಷ ಕುಡಿಸಿದರು. ನಮ್ಮ ಗಾಂಧೀಜಿಯವರು 1948ರ ಜನವರಿ 30ರಂದು ಪ್ರಾರ್ಥನೆಗೆ ಹೋಗುತ್ತಿದ್ದಾಗ ಗುಂಡೇಟಿಗೆ ಬಲಿಯಾದರು. ಇವರ ಸಾವು ನೋಡಿ ಇವರ ಬಾಳು ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ.

ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ ದೊಡ್ಡ ಸೈನ್ಯ ಕಟ್ಟಿ ಇಂಗ್ಲಿಷರನ್ನೇ ನಡುಗಿಸಿದವನು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರ ದಂಡು ಬೀಡುಬಿಟ್ಟಿದ್ದಾಗ ಬೆನ್ನಿನ ಮೇಲೆ ಎದ್ದ ಹುಣ್ಣಿನಿಂದ ತೀರಿಕೊಂಡ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಚೆದುರೀತು ಎಂದು ಹೆಣವನ್ನು ಪರಿಮಳ ದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲಿನಲ್ಲಿ ಕೋಲಾರಕ್ಕೆ ಕಳಿಸಿದರು. ಅಲ್ಲಿ ತಂದೆಯ ಗೋರಿಯ ಬಳಿ ಇಟ್ಟು ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಅಷ್ಟು ದೊಡ್ಡ ದೊರೆಗೂ ಸತ್ತ ದಿನ ಅಳುವ ಒಂದು ದನಿ ಬಹಿರಂಗವಾಗಿ ಸಿಗಲಿಲ್ಲ. ಸಾವಿನ ರೀತಿ ಅರಸನ ಕೈಯಲ್ಲೂ ಇಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕೋಲಾರದ ಚಿನ್ನದ ಗಣಿಯ ವಿಷಯ ಗೊತ್ತಿಲ್ಲದವರು ಈ ಕಡೆ ಇಲ್ಲ. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜನ ದುಡಿದರು. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಬೀಳುವ ಭಾರ ತಡೆಯಲಾರದಷ್ಟು. ಕಲ್ಲು ತೆಗೆದ ಕಡೆ ಉಳಿದ ಬಂಡೆ ಒಮ್ಮೆಗೇ ಸಿಡಿದು ಸುರಂಗ ಕುಸಿಯುತ್ತಿತ್ತು. ಇದನ್ನು ರಾಕ್ ಬರ್ಸ್ಟ್ ಎನ್ನುತ್ತಿದ್ದರು; ಮೇಲಿನ ಮನೆಗಳಿಗೂ ನಡುಕ ತಿಳಿಯುತ್ತಿತ್ತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೆ ಅನೇಕ ಕೆಲಸಗಾರರು ಹೀಗೆ ಕಲ್ಲಿನಡಿ ಹೋದರು. ಒಂದು ಶಿಫ್ಟಿನವರು ಮೇಲೆ ಬಂದರು, ಮುಂದಿನ ಶಿಫ್ಟಿನವರು ಬರಲಿಲ್ಲ. ಬಂದವರೆಲ್ಲ ಪುಣ್ಯವಂತರು, ಬಾರದವರೆಲ್ಲ ಪಾಪಿಗಳು ಅನ್ನುವುದು ನ್ಯಾಯವೇ? ಬಂಡೆ ಸಿಡಿದದ್ದು ಭಾರಕ್ಕೆ, ಸತ್ತವರ ನಡತೆಗಲ್ಲ.

ಹಿರಿಯರು ನೆಟ್ಟ ಕಲ್ಲುಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳ್ಳಿಯ ಅಂಚಿನಲ್ಲೋ ಕೆರೆಯ ಏರಿಯಲ್ಲೋ ವೀರಗಲ್ಲುಗಳನ್ನು ಕಾಣಬಹುದು. ಊರಿನ ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವರ ಕಲ್ಲುಗಳು ಅವುಗಳಲ್ಲಿ ಬಹಳ. ಸಾಮಾನ್ಯವಾಗಿ ಕೆಳಗಿನ ಸಾಲಿನಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಅವನದೂ ಹರಿತ ಆಯುಧಕ್ಕೆ ಸಿಕ್ಕ ಸಾವೇ. ಆದರೆ ಹಿರಿಯರು ಅವನನ್ನು ದುರ್ಮರಣದ ಲೆಕ್ಕಕ್ಕೆ ಸೇರಿಸಲಿಲ್ಲ. ಅವನು ಹೇಗೆ ಸತ್ತ ಎಂದು ನೋಡದೆ ಯಾರಿಗಾಗಿ ನಿಂತ ಎಂದು ನೋಡಿದರು. "ಶರಣರ ಗುಣ ಮರಣದಲ್ಲಿ ನೋಡು" ಎಂಬ ಗಾದೆಗೂ ಇದೇ ಅರ್ಥ. ಸಾವು ಯಾವ ವೇಷದಲ್ಲಿ ಬಂತು ಎಂಬುದು ಗುಣವಲ್ಲ, ಆ ಹೊತ್ತಿನಲ್ಲಿ ಮನಸ್ಸು ಎಲ್ಲಿತ್ತು ಎಂಬುದು ಗುಣ.

ಹಾಗೆಂದು ಘೋರ ಸಾವನ್ನು ಹೊಗಳುವುದೂ ತಪ್ಪೇ. ಮಾಲೂರು ತಾಲ್ಲೂಕಿನ ಮಾಸ್ತಿ ಊರಿಗೆ ಮಹಾಸತಿ ಎಂಬುದರಿಂದ ಹೆಸರು ಬಂತೆಂದು ಹೇಳುತ್ತಾರೆ. ಬಳೆ ತೊಟ್ಟು ಎತ್ತಿದ ಕೈ ಕೆತ್ತಿದ ಮಾಸ್ತಿಗಲ್ಲುಗಳಿಗೆ ಇಂದಿಗೂ ಅರಿಶಿನ ಕುಂಕುಮ ಇಡುವವರಿದ್ದಾರೆ. ಆ ತಾಯಂದಿರಿಗೆ ಕೈಮುಗಿಯೋಣ. ಆದರೆ ಬದುಕಿದ್ದ ಹೆಣ್ಣುಮಗಳನ್ನು ಬೆಂಕಿಗೆ ಕಳಿಸಿದ ಪದ್ಧತಿಗೆ ಕೈಮುಗಿಯಬೇಕಿಲ್ಲ. 1829ರಲ್ಲಿ ಬಂಗಾಳ ಪ್ರಾಂತ್ಯದಲ್ಲಿ ಅದನ್ನು ನಿಷೇಧಿಸಿದರು. ಹೊಗಳುವುದೂ ಅಪರಾಧವೆಂದು 1987ರ ಕಾಯ್ದೆ ಹೇಳಿತು. ಸೀತಿ ಬೆಟ್ಟದಲ್ಲಿಯೂ ಹಿಂದೆ ಕೆಲವು ಮನೆತನದ ಹೆಣ್ಣುಮಕ್ಕಳು ಬೆರಳು ಕತ್ತರಿಸಿ ಒಪ್ಪಿಸುವ ಹರಕೆ ಇತ್ತು. ಆಮೇಲೆ ಬೆರಳಿಗೆ ಬಂಗಾರ ಸುತ್ತಿ, ಆ ಬಂಗಾರವನ್ನೇ ಬಿಚ್ಚಿ ಒಪ್ಪಿಸುವುದು ಬಂತು. ಬೆರಳು ಬಿಟ್ಟರೆಂದು ದೇವರು ಮುನಿಯಲಿಲ್ಲ. ಮನುಷ್ಯರು ಮಾಡಿಕೊಂಡ ಕಟ್ಟಳೆಯನ್ನು ಮನುಷ್ಯರೇ ತಿದ್ದಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಕರ್ಮ ಸುಳ್ಳೇ?

ಈ ಪ್ರಶ್ನೆ ಬರುವುದು ಸಹಜ. ಕರ್ಮ ಸುಳ್ಳಲ್ಲ. ಆದರೆ ಅದರ ಲೆಕ್ಕದ ಪುಸ್ತಕವನ್ನು ಭಗವಂತ ಯಾವ ಮನುಷ್ಯನ ಕೈಗೂ ಕೊಟ್ಟಿಲ್ಲ. ಕರ್ಮ ಎಂಬ ಮಾತು ತನ್ನನ್ನು ತಾನು ತಿದ್ದಿಕೊಳ್ಳಲು ಇರುವುದು. ಪಕ್ಕದ ಮನೆಯ ಹೆಣ ನೋಡಿ ತೀರ್ಪು ಹೇಳಲು ಅಲ್ಲ. ತನಗೆ ಕಷ್ಟ ಬಂದಾಗ "ನನ್ನ ಕರ್ಮ, ಇನ್ನು ಮುಂದೆ ಸರಿಯಾಗಿ ನಡೆಯುತ್ತೇನೆ" ಅಂದರೆ ಅದು ವಿವೇಕ. ಬೇರೆಯವರ ಕಷ್ಟಕ್ಕೆ "ಅವರ ಕರ್ಮ" ಅಂದರೆ ಅದು ಬರೀ ಕಲ್ಲುಹೃದಯ. ಮಾತು ಒಂದೇ ಆದರೂ ಮೊದಲನೆಯದು ಮನುಷ್ಯನನ್ನು ಬಗ್ಗಿಸುತ್ತದೆ, ಎರಡನೆಯದು ಬೀಗಿಸುತ್ತದೆ.

ಆ ಒಂದು ಮಾತಿನಿಂದ ಆಗುವ ಕೇಡು ಸಣ್ಣದಲ್ಲ. ಬೋರ್‌ವೆಲ್ ಬತ್ತಿ ಸಾಲದಲ್ಲಿ ಸಿಕ್ಕ ರೈತ ಪ್ರಾಣ ಕಳೆದುಕೊಂಡ ಮನೆಗೆ ನೆಂಟರು ಕಾಲಿಡುವುದಿಲ್ಲ. ಆ ಮನೆಯ ಹೆಣ್ಣಿಗೆ ಬಂದ ಸಂಬಂಧ ಹಿಂದಕ್ಕೆ ಹೋಗುತ್ತದೆ. "ದೋಷ ಇದೆ, ಶಾಂತಿ ಮಾಡಿಸಿ" ಎಂದು ಯಾರೋ ಹೇಳಿದ್ದಕ್ಕೆ ಆ ವಿಧವೆ ಇನ್ನೊಂದು ಸಾಲ ಮಾಡುತ್ತಾಳೆ. ಸಾಲ ಮಾಡಿ ಶಾಂತಿ ಮಾಡಿಸಬೇಕೆಂದು ಯಾವ ದೇವರೂ ಕೇಳುವುದಿಲ್ಲ. ಭಕ್ತಿಯಿಂದ ಬಿಟ್ಟ ಒಂದು ಬೊಗಸೆ ಎಳ್ಳು ನೀರು, ಹಚ್ಚಿದ ಒಂದು ಎಣ್ಣೆ ದೀಪ ಸಾಕು. ಉಳಿದ ಹಣದಲ್ಲಿ ಮಕ್ಕಳ ಶಾಲೆಯ ಫೀಸು ಕಟ್ಟಿದರೆ ಹೋದ ಜೀವಕ್ಕೆ ಅದಕ್ಕಿಂತ ದೊಡ್ಡ ತರ್ಪಣವಿಲ್ಲ.

ಭಕ್ತರು ಮಾಡಬೇಕಾದದ್ದು

ಕೋಲಾರ, ಮುಳಬಾಗಿಲು ಮಾರ್ಗವಾಗಿ ಹೋಗುವ ಹೆದ್ದಾರಿಯಲ್ಲಿ ಅಪಘಾತವಾದರೆ ಮೊಬೈಲಿನಲ್ಲಿ ಫೋಟೋ ಹಿಡಿಯುವವರು ಹತ್ತು ಜನ, ನೀರು ಕೊಡುವವನು ಒಬ್ಬ. ಆ ಒಬ್ಬನಾಗಬೇಕು. 108ಕ್ಕೆ ಫೋನ್ ಮಾಡಿ. ಸಹಾಯ ಮಾಡಿದವರನ್ನು ಹೆಸರು ಹೇಳೆಂದು ಪೀಡಿಸಬಾರದು ಎಂಬ ರಕ್ಷಣೆಗೆ ಸುಪ್ರೀಂ ಕೋರ್ಟು 2016ರಲ್ಲೇ ಒಪ್ಪಿಗೆ ಕೊಟ್ಟಿದೆ, ಹೆದರಬೇಕಾಗಿಲ್ಲ. ಸಾವಾದ ಮನೆಗೆ ಹೋಗಿ ಹೇಗಾಯ್ತು, ಎಲ್ಲಿ ಏಟು ಬಿತ್ತು ಎಂದು ಕೆದಕಬೇಡಿ. ಅನ್ನ ಮಾಡಿಕೊಂಡು ಹೋಗಿ, ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ. ಹನ್ನೊಂದು ದಿನ ಕಳೆದ ಮೇಲೂ ಹೋಗಿ, ಏಕೆಂದರೆ ಆಗ ಹೋಗುವವರು ಯಾರೂ ಇರುವುದಿಲ್ಲ.

ಪರೀಕ್ಷಿತ ಮಹಾರಾಜನಿಗೆ ಏಳು ದಿನದಲ್ಲಿ ತಕ್ಷಕ ಕಚ್ಚಿ ಸಾಯುವೆ ಎಂಬ ಶಾಪವಾಯಿತು. ವಿಷದಿಂದ ಬರುವ ಆ ಸಾವನ್ನು ಅವನು ತಪ್ಪಿಸಿಕೊಳ್ಳಲಾಗಲಿಲ್ಲ. ಆದರೆ ಆ ಏಳು ದಿನ ಅವನದಾಗಿತ್ತು. ಶುಕಮುನಿಗಳ ಬಾಯಿಂದ ಭಾಗವತ ಕೇಳುತ್ತ ಕಳೆದ. ಏಳು ದಿನ ಎಂದು ಅವನಿಗೆ ಗೊತ್ತಿತ್ತು, ನಮಗೆ ಎಷ್ಟೆಂದು ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಬೆಟ್ಟ ಇಳಿಯುವಾಗ ತಮ್ಮೂರಿನಲ್ಲಿ ಜನ ಕಾಲಿಡದೆ ಬಿಟ್ಟಿರುವ ಅಂಥ ಮನೆ ಯಾವುದೆಂದು ಒಮ್ಮೆ ನೆನೆಸಿಕೊಂಡು, ಪ್ರಸಾದದಲ್ಲಿ ಒಂದು ಪಾಲನ್ನು ಆ ಮನೆಗೂ ಎತ್ತಿಟ್ಟುಕೊಳ್ಳಿ. ಸ್ವಾಮಿಯು ತಮಗೂ ಆ ಮನೆಯವರಿಗೂ ಸನ್ಮಂಗಳವನ್ನು ಉಂಟುಮಾಡಲಿ.