ತೆಗೆದ ನೀರಿನ ಋಣ



ಚಾತುರ್ಮಾಸ್ಯದ ಪ್ರವಚನ ಮುಗಿದ ಮೇಲೆ ಮಡಿಯ ವಿಷಯವಾಗಿ ಪ್ರಶ್ನೆಗಳು ಬರುವುದು ವಾಡಿಕೆ. ಈ ಬಾರಿ ಚೆನ್ನೈಯ ಹಿರಿಯ ಗೃಹಸ್ಥರೊಬ್ಬರು, "ಆಚಾರ್ಯರೇ, ಬೇಸಗೆ ಬಂತೆಂದರೆ ನಮ್ಮ ಫ್ಲಾಟಿಗೆ ಲಾರಿಯ ನೀರೇ ಗತಿ. ಆ ನೀರಿನಲ್ಲಿ ಸಾಲಿಗ್ರಾಮಕ್ಕೆ ಅಭಿಷೇಕ ಮಾಡಬಹುದೇ?" ಎಂದು ಕೇಳಿದರು. ಬೇರೆ ನೀರು ದೊರೆಯದಿರುವಾಗ ಇರುವ ನೀರನ್ನೇ ಶೋಧಿಸಿ, ಗಂಗಾದಿ ತೀರ್ಥಗಳ ಸನ್ನಿಧಾನವನ್ನು ಪ್ರಾರ್ಥಿಸಿ ಬಳಸಿರಿ ಎಂದು ಹೇಳಿದೆ. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಅವರು ಕೇಳದೆ ಬಿಟ್ಟ ಪ್ರಶ್ನೆಯೊಂದಿತ್ತು: ಆ ನೀರು ಬಂದದ್ದೆಲ್ಲಿಂದ?

ಚೆನ್ನೈಗೆ ಬರುವ ಲಾರಿಗಳಲ್ಲಿ ಬಹಳಷ್ಟು ತುಂಬಿಕೊಳ್ಳುವುದು ನಗರದ ಹೊರವಲಯದ ಹಳ್ಳಿಗಳ ಕೃಷಿಬಾವಿಗಳಿಂದ. ಯಾರದೋ ಭತ್ತದ ಗದ್ದೆಗೆ ಸಲ್ಲಬೇಕಾದ ನೀರು ನಮ್ಮ ಪಂಚಪಾತ್ರೆಯಲ್ಲಿದೆ. ಉದ್ಧರಣೆಯನ್ನು ಎತ್ತುವಾಗ ಈ ನೆನಪು ಇರಬೇಕಲ್ಲವೇ?

ಈ ಮಾತನ್ನು ಆಡಲು ನನಗೂ ಪೂರ್ಣ ಅಧಿಕಾರವಿಲ್ಲ. ನಮ್ಮ ತೀರ್ಥರೂಪರ ಮನೆಯ ಹಿತ್ತಿಲಲ್ಲಿ ಕಲ್ಲು ಕಟ್ಟಿದ ಬಾವಿಯಿತ್ತು. ಮೂರು ತಲೆಮಾರು ಅದರಿಂದ ಮಡಿನೀರು ಸೇದಿತ್ತು. 1996ರಲ್ಲಿ ಮನೆಯನ್ನು ಕೆಡವಿ ಫ್ಲಾಟುಗಳನ್ನು ಕಟ್ಟಿಸಿದಾಗ, ಕಾರುಗಳಿಗೆ ಸ್ಥಳ ಬೇಕೆಂದು ಆ ಬಾವಿಯನ್ನು ಹಳೆಯ ಗೋಡೆಯ ಇಟ್ಟಿಗೆಚೂರುಗಳಿಂದಲೇ ಮುಚ್ಚಿದೆವು. ತಾಯಿಯವರು ಒಂದು ದಿನ ಊಟ ಮಾಡಲಿಲ್ಲ. ಅದನ್ನು ಹಳೆಯ ಕಾಲದ ಭಾವುಕತೆ ಎಂದುಕೊಂಡವರಲ್ಲಿ ನಾನೂ ಒಬ್ಬ. ವಾಪೀ, ಕೂಪ, ತಟಾಕಗಳ ನಿರ್ಮಾಣವನ್ನು ಶಾಸ್ತ್ರವು ಪೂರ್ತವೆಂದು ಕರೆದು, ಯಜ್ಞಾದಿಗಳಾದ ಇಷ್ಟದ ಜೊತೆಗಿಟ್ಟಿದೆ ಎಂಬುದನ್ನು ಆಗಲೇ ಹತ್ತಾರು ಸಭೆಗಳಲ್ಲಿ ಹೇಳಿದ್ದೆ!

2019ರ ಬೇಸಗೆಯಲ್ಲಿ ಚೆನ್ನೈಗೆ ನೀರುಣಿಸುವ ಕೆರೆಗಳು ಬತ್ತಿದವು. ಜುಲೈ ತಿಂಗಳಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ, ಒಂದು ಸರತಿಗೆ 25 ಲಕ್ಷ ಲೀಟರಿನಂತೆ ನೀರು ತರಿಸಬೇಕಾಯಿತು. ಅದೇ ನಗರ 2015ರ ಡಿಸೆಂಬರಿನಲ್ಲಿ ಮಳೆಯಲ್ಲಿ ಮುಳುಗಿತ್ತು. ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ ಬೀಳುವ ಊರಿದು. ಸಾವಿರ ಚದರಡಿಯ ಒಂದು ಮಾಳಿಗೆಯ ಮೇಲೆಯೇ ವರ್ಷಕ್ಕೆ ಸುಮಾರು 1,30,000 ಲೀಟರ್ ನೀರು ಬೀಳುತ್ತದೆ. ಪರ್ಜನ್ಯನು ಕೊಡುವುದರಲ್ಲಿ ಲೋಭ ಮಾಡಿಲ್ಲ. ಸಿಮೆಂಟು ಹಾಸಿದ ಅಂಗಳದಿಂದ ಅದನ್ನು ಮೋರಿಗೂ ಮೋರಿಯಿಂದ ಸಮುದ್ರಕ್ಕೂ ಕಳುಹಿಸಿದವರು ನಾವು. ತಿರುವಲ್ಲಿಕ್ಕೇಣಿ ಎಂಬ ಹೆಸರಿಗೆ ಪವಿತ್ರವಾದ ನೈದಿಲೆಯ ಕೊಳವೆಂದು ಅರ್ಥ. ಅಲ್ಲಿ ವಾಸಿಸುವ ನಮ್ಮವರಲ್ಲಿ ಎಷ್ಟು ಜನ ಇದನ್ನು ಯೋಚಿಸಿದ್ದಾರೋ ತಿಳಿಯದು.

ಜಗತ್ತು ಮಿಥ್ಯೆಯೆನ್ನುವವನಿಗೆ ಬತ್ತಿದ ಬಾವಿಯೂ ಮಿಥ್ಯೆಯಾದೀತು. ತತ್ತ್ವವಾದಿಗೆ ಆ ಸೌಕರ್ಯವಿಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜಗತ್ತು ಸತ್ಯ, ಅದರ ಪ್ರತಿಯೊಂದು ಕಣವೂ ಸ್ವತಂತ್ರನಾದ ಶ್ರೀಹರಿಯ ಅಧೀನ. ನೀರಿಗೆ ಅಭಿಮಾನಿಯಾದ ವರುಣನುಂಟು, ಅವನೊಳಗೆ ನಿಯಾಮಕನಾದ ಭಗವಂತನುಂಟು. ಹೀಗಿರುವಾಗ, ನಿವೇಶನದ ಪತ್ರ ನನ್ನ ಹೆಸರಿನಲ್ಲಿದೆಯೆಂದು ಅದರ ಕೆಳಗಿನ ನೀರೂ ನನ್ನದಾಗುವುದು ಹೇಗೆ? ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ಯಜ್ಞ, ಮಳೆ, ಅನ್ನ, ಪ್ರಾಣಿ ಎಂಬ ಚಕ್ರವನ್ನು ವರ್ಣಿಸುತ್ತಾನೆ. ದೇವತೆಗಳು ಕೊಟ್ಟದ್ದನ್ನು ಅವರಿಗೆ ಹಿಂದಿರುಗಿಸದೆ ತಾನೇ ಉಣ್ಣುವವನನ್ನು ಕಳ್ಳನೆನ್ನುತ್ತಾನೆ. ಕೊಳವೆಬಾವಿಯಿಂದ ಎಳೆಯುತ್ತಲೇ ಇದ್ದು, ಒಂದು ಕೊಡವನ್ನೂ ಭೂಮಿಗೆ ಇಳಿಸದ ನಮ್ಮ ಕಟ್ಟಡಗಳಿಗೆ ಈ ಮಾತು ತಗಲುವುದಿಲ್ಲವೆಂದು ವಾದಿಸಲು ನನಗಂತೂ ಯುಕ್ತಿ ತೋಚದು.

ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿ ಒಂದು ಪ್ರಸಂಗವಿದೆ. ಆಚಾರ್ಯರು ಬದರೀಯಾತ್ರೆಯ ಮಾರ್ಗದಲ್ಲಿದ್ದಾಗ ಈಶ್ವರದೇವನೆಂಬ ಅರಸನು ಕೆರೆ ತೋಡಿಸುತ್ತಿದ್ದನು. ಈತನು ದೇವಗಿರಿಯ ಯಾದವ ಮಹಾದೇವನೆಂದು ವಿದ್ವಾಂಸರ ಅಭಿಪ್ರಾಯ. ದಾರಿಹೋಕರನ್ನೆಲ್ಲ ಹಿಡಿದು ಅಗೆಯಲು ಹಚ್ಚುತ್ತಿದ್ದ ಅವನು ಆಚಾರ್ಯರಿಗೂ ಅದೇ ಆಜ್ಞೆ ಮಾಡಿದನು. ಅಗೆಯುವ ಬಗೆಯನ್ನು ನೀನೇ ತೋರಿಸು ಎಂದರು ಆಚಾರ್ಯರು. ಗುದ್ದಲಿ ಹಿಡಿದ ಅರಸನಿಗೆ ಅಗೆಯುವುದನ್ನು ನಿಲ್ಲಿಸಲಾಗಲಿಲ್ಲ. ಇದನ್ನು ಮಹಿಮೆಯೆಂದು ಕೇಳಿ ಕೈಮುಗಿಯುತ್ತೇವೆ. ಆದರೆ ಗಮನಿಸಿರಿ: ಕೆರೆಯ ಕೆಲಸವನ್ನು ಆಚಾರ್ಯರು ಹಳಿಯಲಿಲ್ಲ, ಪುಣ್ಯ ತನಗೆ, ಬೆವರು ಇತರರಿಗೆ ಎಂಬ ಏರ್ಪಾಡನ್ನು ಒಪ್ಪಲಿಲ್ಲ. ಮುಂದೆ ಶ್ರೀವ್ಯಾಸರಾಜರು ವ್ಯಾಸಸಮುದ್ರವೆಂಬ ದೊಡ್ಡ ಕೆರೆಯನ್ನೇ ಕಟ್ಟಿಸಿದರು. ನ್ಯಾಯಾಮೃತವನ್ನು ಬರೆದ ಯತಿಗಳಿಗೆ ಕೆರೆ ಲೌಕಿಕವೆನಿಸಲಿಲ್ಲ.

ತಮಿಳುನಾಡಿನಲ್ಲಿ ಮಳೆನೀರನ್ನು ಇಂಗಿಸುವ ವ್ಯವಸ್ಥೆ ಎಲ್ಲ ಕಟ್ಟಡಗಳಿಗೂ ಕಡ್ಡಾಯವಾದದ್ದು 2003ರಲ್ಲಿ. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ 2009ರಲ್ಲಿ ಕಡ್ಡಾಯವಾಯಿತು. ಅಂದು ಸರ್ಕಾರದ ಭಯಕ್ಕೆ ತೋಡಿದ ಗುಂಡಿಗಳಲ್ಲಿ ಎಷ್ಟೋ ಹೂಳು ತುಂಬಿ ಕುಳಿತಿವೆ. ಮುಚ್ಚಳ ತೆಗೆದು ನೋಡಿದವರಿಲ್ಲ. ಬೆಳಕು ಗಾಳಿ ಬರುವಂತೆ ಕಟ್ಟುವುದು, ಮಾಳಿಗೆಯ ಮೇಲೆ ಸೌರಫಲಕ ಹಾಕುವುದು, ಇವೆಲ್ಲ ಒಳ್ಳೆಯವೇ. ಹೊಸದಾಗಿ ಕಟ್ಟುವವರು ವಿಚಾರಿಸಲಿ. ಇರುವ ಕಟ್ಟಡದಲ್ಲಿ ಇರುವವರಿಗೆ ಮೊದಲ ಕೆಲಸ ನೀರಿನದು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ನಂತರದ್ದನ್ನು ಜಲ್ಲಿ ಮರಳುಗಳಲ್ಲಿ ಸೋಸಿ ತೊಟ್ಟಿಗೆ ತುಂಬಿಕೊಳ್ಳಬೇಕು. ಮಿಕ್ಕದ್ದನ್ನು ಹಳೆಯ ಬಾವಿಗೋ ಇಂಗುಗುಂಡಿಗೋ ಬಿಡಬೇಕು. ಸಮುದ್ರದ ಬಳಿಯ ಮರಳುನೆಲದಲ್ಲಿ ನೀರು ಸುಲಭವಾಗಿ ಇಂಗುತ್ತದೆ. ಜೇಡಿಮಣ್ಣಾದರೆ ಆ ಪದರವನ್ನು ದಾಟುವಷ್ಟು ಆಳಕ್ಕೆ ಹೋಗಬೇಕು. ಬಚ್ಚಲ ನೀರು ಮಾತ್ರ ಇದರೊಡನೆ ಸೇರಬಾರದು. ಕಟ್ಟಡದ ಸಂಘದ ಸಭೆಯಲ್ಲಿ ಖರ್ಚಿನ ಮಾತು ಬಂದಾಗ ನಮ್ಮವರು ಮೊದಲು ಕೈಯೆತ್ತಲಿ. ನೆರೆಮನೆಯವರು ಯಾವ ಮತದವರಾದರೂ ನೆಲದ ಕೆಳಗಿನ ನೀರು ಒಂದೇ.

ನಮ್ಮ ಕಟ್ಟಡದಲ್ಲಿ ಮುಚ್ಚಿದ ಬಾವಿಯನ್ನು ಮತ್ತೆ ತೆರೆಯಲಾಗಲಿಲ್ಲ. ಅದರ ಮೇಲೆ ಕಂಬವೊಂದು ನಿಂತಿದೆ. ಪಕ್ಕದಲ್ಲಿ ಒಂದು ಕಾರಿನ ಸ್ಥಳವನ್ನು ಬಿಡಿಸಿ ಇಂಗುಬಾವಿ ತೋಡಿಸಿದ್ದೇವೆ. ಅದನ್ನು ಒಪ್ಪಿಸಲು ನಾಲ್ಕು ಸಭೆಗಳು ಬೇಕಾದವು. ನರಕಚತುರ್ದಶಿಯ ಹಿಂದಿನ ಸಂಜೆ ನಾವು ಹಂಡೆಯನ್ನು ತೊಳೆದು ನೀರು ತುಂಬುವ ಹಬ್ಬ ಮಾಡುತ್ತೇವೆ. ಈಶಾನ್ಯ ಮಾರುತದ ಮಳೆಯೂ ಚೆನ್ನೈಯಲ್ಲಿ ಹೆಚ್ಚುಕಡಿಮೆ ಆ ದಿನಗಳದೇ. ಈ ವರ್ಷ ಹಂಡೆಗಿಂತ ಮೊದಲು ಆ ಬಾವಿಯ ಹೂಳನ್ನು ತೆಗೆಸಬೇಕೆಂದಿದ್ದೇವೆ. ಗುದ್ದಲಿ ಬುಟ್ಟಿಗಳು ಸಿದ್ಧವಾಗಿವೆ. ಹತ್ತಿರದಲ್ಲಿರುವವರು ದ್ವಾದಶಿಯ ಪಾರಣೆ ಮುಗಿಸಿ ಬರಬಹುದು.

ಶ್ರೀಕೃಷ್ಣಾರ್ಪಣಮಸ್ತು.