ನುಡಿಯಿಲ್ಲದ ಚಿತ್ರ ಎತ್ತುವ ಪ್ರಶ್ನೆ

ಕಾಣುವುದು ಬೇರೆ, ಅರಿಯುವುದು ಬೇರೆ. ಕಂಡದ್ದನ್ನೆಲ್ಲ ಅರಿತೆವೆಂದು ಭಾವಿಸುವುದು ಮನುಷ್ಯಸಹಜವಾದ ದೋಷ. ಈ ಭೇದದ ವಿಚಾರಕ್ಕೆ ಅಮೆರಿಕದಲ್ಲಿ ತಯಾರಾದ ‘ಕೊಯಾನಿಸ್ಕಾಟ್ಸಿ’ ಎಂಬ ಸಾಕ್ಷ್ಯಚಿತ್ರವು ತಕ್ಕ ನಿದರ್ಶನವಾಗಿದೆ. 1982ರಲ್ಲಿ ಮೊದಲ ಪ್ರದರ್ಶನ ಕಂಡ, ಸುಮಾರು 86 ನಿಮಿಷಗಳ ಈ ಚಿತ್ರದಲ್ಲಿ ಕಥೆಯಿಲ್ಲ, ಸಂಭಾಷಣೆಯಿಲ್ಲ, ವಿವರಿಸುವ ಧ್ವನಿಯಿಲ್ಲ. ಫಿಲಿಪ್ ಗ್ಲಾಸ್ ಅವರ ಸಂಗೀತ ಮತ್ತು ಅದರೊಳಗೆ ಬರುವ ಹೋಪಿ ಭಾಷೆಯ ಕೆಲವು ಪದಗಳೇ ಅದರ ನುಡಿ. ಹೋಪಿಗಳು ಅರಿಜೋನಾ ರಾಜ್ಯದ ಮೂಲನಿವಾಸಿಗಳು. ಅವರ ಭಾಷೆಯಲ್ಲಿ ಚಿತ್ರದ ಹೆಸರಿಗೆ ‘ಸಮತೋಲ ತಪ್ಪಿದ ಬಾಳು’ ಎಂದರ್ಥ.

ನಿರ್ದೇಶಕ ಗಾಡ್‌ಫ್ರೇ ರೆಜಿಯೊ ಚಿತ್ರರಂಗದಲ್ಲಿ ಬೆಳೆದವರಲ್ಲ. ಎಳೆಯ ವಯಸ್ಸಿನಲ್ಲಿಯೇ ಕ್ಯಾಥೊಲಿಕ್ ಧಾರ್ಮಿಕ ಸಂಘವೊಂದನ್ನು ಸೇರಿ, 14 ವರ್ಷಗಳ ಕಾಲ ಮೌನ, ಉಪವಾಸ, ಪ್ರಾರ್ಥನೆಗಳ ನಿಯಮದಲ್ಲಿ ಬಾಳಿದವರು. ಆದುದರಿಂದ ಈ ಚಿತ್ರದ ಮೌನವನ್ನು ಕೇವಲ ಹೊಸತನದ ಹಂಬಲವೆಂದು ತಳ್ಳಿಹಾಕಲಾಗದು.

ಯೂಟಾ ರಾಜ್ಯದ ಕಣಿವೆಯೊಂದರ ಪ್ರಾಚೀನ ಶಿಲಾಚಿತ್ರಗಳಿಂದ ಚಿತ್ರವು ಆರಂಭವಾಗುತ್ತದೆ. ನಿರ್ಜನವಾದ ಬಂಡೆಗಳು, ಅವುಗಳ ಮೇಲೆ ಸರಿಯುವ ನೆರಳು, ಅಲೆಗಳಂತೆ ಉರುಳುವ ಮುಗಿಲು ಕಾಣುತ್ತವೆ. ಅನಂತರ ನೆಲವನ್ನು ಸಿಡಿಸುವ ಗಣಿಗಾರಿಕೆ, ವಿದ್ಯುತ್ ಗೋಪುರಗಳು, ಹೆದ್ದಾರಿ, ಮಹಾನಗರ. ಕಾರ್ಖಾನೆಯಿಂದ ಮಾಂಸದ ಸರಕು ಸಾಲುಸಾಲಾಗಿ ಹೊರಬರುತ್ತದೆ. ಅದಕ್ಕೆ ಹೊಂದಿಸಿದಂತೆ ಚಲಿಸುವ ಮೆಟ್ಟಿಲುಗಳ ಮೇಲೆ ಜನರೂ ಸಾಲುಸಾಲಾಗಿ ಬರುತ್ತಾರೆ. ಈ ಹೋಲಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೋಡುವವನ ಮನಸ್ಸೇ ಅದನ್ನು ಹೇಳಿಕೊಳ್ಳುತ್ತದೆ.

ಈ ಪರಿಣಾಮದ ಹಿಂದೆ ಒಂದು ಸರಳವಾದ ಲೆಕ್ಕವಿದೆ. ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. 5 ಸೆಕೆಂಡಿಗೆ ಒಂದರಂತೆ ಚಿತ್ರ ಹಿಡಿದರೆ ಗಂಟೆಗೆ 720 ಚಿತ್ರಗಳಾಗುತ್ತವೆ. ಆ ಒಂದು ಗಂಟೆ ತೆರೆಯ ಮೇಲೆ 30 ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಛಾಯಾಗ್ರಾಹಕ ರಾನ್ ಫ್ರಿಕೆ ಇಂತಹ ಕ್ರಮವನ್ನು ಮೋಡಗಳಿಗೂ ವಾಹನಗಳಿಗೂ ಬಳಸಿದ್ದಾರೆ. ಮೋಡಗಳ ವೇಗ ಹೆಚ್ಚಿದರೂ ಅವುಗಳ ಗಾಂಭೀರ್ಯ ಕೆಡುವುದಿಲ್ಲ. ವಾಹನಗಳಾದರೋ ಬೆಳಕಿನ ಗೆರೆಗಳಾಗುತ್ತವೆ, ಒಳಗಿರುವ ಮನುಷ್ಯನು ಕಾಣದಂತಾಗುತ್ತಾನೆ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಯಂತ್ರಜೀವನವನ್ನು ಪ್ರಶ್ನಿಸುವ ಚಿತ್ರವೂ ಯಂತ್ರದ ಕೂಸೇ ಅಲ್ಲವೆ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನ ಕಠಿಣವಲ್ಲ. ಸಾಧನವನ್ನು ಬಳಸುವುದು ದೋಷವಲ್ಲ. ಅದು ಬಳಸುವವನನ್ನೇ ಆಳತೊಡಗಿದಾಗ ದೋಷ ಹುಟ್ಟುತ್ತದೆ. ಆತ್ಮಪರೀಕ್ಷೆಗಾಗಿ ಸಾಧನವನ್ನು ತನ್ನ ಕಡೆಗೆ ತಿರುಗಿಸಿಕೊಂಡವನು ಅದಕ್ಕಿನ್ನೂ ದಾಸನಾಗಿಲ್ಲ.

ಎರಡನೆಯ ಆಕ್ಷೇಪ ಗುರುತರವಾದುದು. ಸೇಂಟ್ ಲೂಯಿಸ್ ನಗರದ ಪ್ರೂಟ್-ಐಗೋ ಎಂಬ ವಸತಿ ಸಮುಚ್ಚಯವು ನೆಲಕ್ಕುರುಳುವ ದೃಶ್ಯ ಈ ಚಿತ್ರದಲ್ಲಿದೆ. 1950ರ ದಶಕದಲ್ಲಿ ಬಡವರಿಗಾಗಿ ಕಟ್ಟಿದ, 11 ಅಂತಸ್ತುಗಳ 33 ಕಟ್ಟಡಗಳವು. 1972ರಿಂದ 1976ರೊಳಗೆ ಅವನ್ನು ಕೆಡವಲಾಯಿತು. ಸಂಗೀತದ ಅಬ್ಬರದೊಡನೆ ಅದನ್ನು ನೋಡುವವನು ಆಧುನಿಕತೆಯೇ ಕುಸಿಯಿತೆಂದು ತೀರ್ಮಾನಿಸುತ್ತಾನೆ. ನಿಜಸಂಗತಿ ಅಷ್ಟು ಸರಳವಲ್ಲ. ಕಟ್ಟಡಗಳ ನಿರ್ವಹಣೆಯು ಬಡ ನಿವಾಸಿಗಳ ಬಾಡಿಗೆಯನ್ನೇ ಅವಲಂಬಿಸಿತ್ತು. ನಗರದ ಜನಸಂಖ್ಯೆ ಇಳಿಯಿತು, ಮನೆಗಳು ಬರಿದಾದವು, ದುರಸ್ತಿ ನಿಂತಿತು. ವರ್ಣಭೇದದ ಹೊರೆಯೂ ಜೊತೆಗಿತ್ತು. 2011ರಲ್ಲಿ ಬಂದ ‘ದಿ ಪ್ರೂಟ್-ಐಗೋ ಮಿಥ್’ ಎಂಬ ಮತ್ತೊಂದು ಸಾಕ್ಷ್ಯಚಿತ್ರದಲ್ಲಿ ಅಲ್ಲಿಯ ಹಳೆಯ ನಿವಾಸಿಗಳೇ ಮಾತನಾಡುತ್ತಾರೆ. ಅವರ ನೆನಪಿನಲ್ಲಿ ಕಷ್ಟದೊಡನೆ ಸಂತೋಷವೂ ಇದೆ. ಮೊದಲ ಚಿತ್ರಕ್ಕೆ ಅದು ಅವಶೇಷವಾಗಿತ್ತು, ಇವರಿಗೆ ಅದು ಮನೆಯಾಗಿತ್ತು.

ಹಾಗಾದರೆ ಮೌನಚಿತ್ರವು ಅಸತ್ಯವೆ? ಅಲ್ಲ, ಅದು ಅಪೂರ್ಣ. ಮೌನವು ಪ್ರಶ್ನೆಯನ್ನು ಎಚ್ಚರಿಸಬಲ್ಲದು. ತೀರ್ಪು ನೀಡಬೇಕಾದರೆ ನೊಂದವನ ಮಾತನ್ನೂ ಕೇಳಬೇಕು. ರೆಜಿಯೊ ಅವರ ಚಿತ್ರವೂ ಕೊನೆಗೆ ವೇಗವನ್ನು ತ್ಯಜಿಸಿ, ಬೀದಿಯ ಒಬ್ಬೊಬ್ಬರ ಮುಖದ ಮುಂದೆ ನಿಲ್ಲುತ್ತದೆ. ಪ್ರವಾಹದಂತೆ ತೋರಿದ್ದು ಆಗ ಮತ್ತೆ ಮನುಷ್ಯನಾಗುತ್ತದೆ.

ಅಂತ್ಯದಲ್ಲಿ ಆಕಾಶಕ್ಕೇರುತ್ತಲೇ ಸಿಡಿಯುವ ರಾಕೆಟ್ ಒಂದರ ದೃಶ್ಯವಿದೆ. ಅದು 1962ರ ಮಾನವರಹಿತ ಅಟ್ಲಾಸ್-ಸೆಂಟಾರ್ ಉಡಾವಣೆಯದು. ಉರಿಯುವ ತುಣುಕು ನಿಧಾನವಾಗಿ ಹೊರಳುತ್ತ ಬಹಳ ಹೊತ್ತು ಕೆಳಗಿಳಿಯುತ್ತದೆ. ಬಳಿಕ ಪುನಃ ಶಿಲಾಚಿತ್ರಗಳು. ಪ್ರಕೃತಿ ಒಳ್ಳೆಯದು, ಯಂತ್ರ ಕೆಟ್ಟದ್ದು ಎಂಬಷ್ಟನ್ನೇ ಇದರಿಂದ ಕಲಿತವನು ಅಲ್ಪವನ್ನು ಕಲಿತಂತೆ. ಎದುರಿಗಿರುವ ಜೀವವು ಗೆರೆಯಾಗಿ ಕಾಣುವಷ್ಟು ವೇಗವಾಗಿ ಯಾವ ವಿವೇಕಿಯೂ ಸಾಗಬಾರದು. ಅಂಗಡಿಯಲ್ಲಿಯಾಗಲಿ, ಮನೆಯಲ್ಲಿಯಾಗಲಿ, ಸಂಸ್ಥೆಯ ಆಡಳಿತದಲ್ಲಿಯಾಗಲಿ ಈ ಒಂದು ನಿಯಮವನ್ನು ಪಾಲಿಸಿದರೆ ಬಾಳಿನ ಸಮತೋಲವು ಅಷ್ಟರಮಟ್ಟಿಗೆ ಉಳಿದೀತು.